ಎರಡು ತಿಂಗಳ ಮಗುವಿನ ಲಿವರಿನಲ್ಲಿ ಗಂಟುಗಳು: ಬಯಾಪ್ಸಿ ಬೇಕೇ?

ಪೀಡಿಯಾಟ್ರಿಕ್ಸ್ ಪಿಜಿ:
ಹೆಣ್ಣು ಮಗು, ಎರಡು ತಿಂಗಳು, 4.5 ಕೆ.ಜಿ. ಮೈಮೇಲೆ ಏಳು ಹೆಮಾಂಜಿಯೋಮಾ (ರಕ್ತನಾಳಗಳು ಗುಂಪಾಗಿ ಬೆಳೆದ ಗಂಟು). ಐದು ದಾಟಿದ್ದರಿಂದ, ಲಿವರಿನಲ್ಲೂ ಇರಬಹುದೆಂದು ಹೊಟ್ಟೆ ಸ್ಕ್ಯಾನ್ ಮಾಡಿಸಿದೆವು. ಲಿವರಿನ ಎರಡೂ ಕಡೆ ಬಿಡಿಬಿಡಿ ಗಂಟುಗಳಿವೆ, ದೊಡ್ಡದು 2.2 ಸೆಂ.ಮೀ. ಹಾಲು ಚೆನ್ನಾಗಿ ಕುಡಿಯುತ್ತಿದೆ, ಏದುಸಿರಿಲ್ಲ. ಎಎಫ್‌ಪಿ (ಲಿವರ್ ಕ್ಯಾನ್ಸರಿನಲ್ಲಿ ಏರುವ ರಕ್ತದ ಪ್ರೋಟೀನ್) 380 ಬಂದಿದೆ, ರಿಪೋರ್ಟಿನಲ್ಲಿ ‘ಹೆಚ್ಚು’ ಎಂದು ಗುರುತು ಹಾಕಿದ್ದಾರೆ. ಮನೆಯವರು ಕ್ಯಾನ್ಸರೇ ಎಂದು ಕಂಗಾಲಾಗಿದ್ದಾರೆ. ಬಯಾಪ್ಸಿಗೆ ಕಳಿಸಲೇ?

ರೇಡಿಯಾಲಜಿಸ್ಟ್:
ಬೇಡ ಡಾಕ್ಟರೇ. ರಕ್ತನಾಳಗಳೇ ತುಂಬಿದ ಗಂಟಿಗೆ ಸೂಜಿ ಹಾಕಿದರೆ ರಕ್ತಸ್ರಾವ ನಿಲ್ಲಿಸುವುದು ಕಷ್ಟ. ಲ್ಯಾಬ್ ಹಾಕಿರುವ ಮಿತಿ ದೊಡ್ಡವರದು. ಹುಟ್ಟಿದಾಗ ಎಎಫ್‌ಪಿ ಹತ್ತಾರು ಸಾವಿರ ಇರುತ್ತದೆ, ಎರಡು ತಿಂಗಳಿಗೆ ಕೆಲವು ನೂರು ಸಹಜ. ಎರಡು ವಾರ ಬಿಟ್ಟು ಮತ್ತೆ ಮಾಡಿಸಿ, ಇಳಿದಿರಬೇಕು. ಏರಿದರೆ ಹೆಪಟೋಬ್ಲಾಸ್ಟೋಮಾ (ಮಕ್ಕಳ ಲಿವರ್ ಕ್ಯಾನ್ಸರ್) ಹುಡುಕಬೇಕು. ಎಂಆರ್‌ಐನಲ್ಲಿ ಟಿ2 ಚಿತ್ರದಲ್ಲಿ ಬೆಳ್ಳಗೆ ಹೊಳೆದು, ಕಾಂಟ್ರಾಸ್ಟ್ ಔಷಧಿ ಅಂಚಿನಿಂದ ಒಳಕ್ಕೆ ತುಂಬುತ್ತಾ ಹೋದರೆ ಹೆಮಾಂಜಿಯೋಮಾವೇ, ಅನುಮಾನ ಬೇಡ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಎರಡನ್ನೂ ನೋಡಿಸಲು ಮರೆಯಬೇಡಿ, ಅಲ್ಲಿ ಹುಟ್ಟುವ ನ್ಯೂರೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಲಿವರಿಗೆ ಹರಡಿದರೂ ಹೀಗೇ ಕಾಣಬಹುದು.

ಮಕ್ಕಳ ಎಂಡೋಕ್ರೈನ್:
ಗಂಟಿನ ಗಾತ್ರಕ್ಕಿಂತ ನನಗೆ ಥೈರಾಯ್ಡ್ ಚಿಂತೆ. ಈ ಗಂಟುಗಳು ತಯಾರಿಸುವ ಡಿಅಯೋಡಿನೇಸ್ ಕಿಣ್ವ ಥೈರಾಯ್ಡ್ ಹಾರ್ಮೋನನ್ನು ತಿಂದುಹಾಕುತ್ತದೆ. ಹುಟ್ಟಿದಾಗಿನ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಏರುವ ಹಾರ್ಮೋನ್) ಸರಿಯಿತ್ತೆಂದು ಸುಮ್ಮನಿರಬೇಡಿ, ಗಂಟು ಬೆಳೆಯುವುದೇ ಆಮೇಲೆ. ಟಿಎಸ್‌ಎಚ್, ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನ್) ಇವತ್ತೇ ಕಳಿಸಿ. ಜೊತೆಗೊಂದು ಎಕೋ (ಹೃದಯದ ಸ್ಕ್ಯಾನ್): ಲಿವರಿನೊಳಗೆ ರಕ್ತ ಅಡ್ಡದಾರಿಯಲ್ಲಿ ಹರಿದರೆ ಹೃದಯ ಸೋಲಬಹುದು.

ಮಕ್ಕಳ ಲಿವರ್ ವೈದ್ಯೆ:
ಥೈರಾಯ್ಡ್, ಎಕೋ ಎರಡೂ ನಾರ್ಮಲ್ ಬಂದರೆ ಸ್ಕ್ಯಾನ್ ಮಾಡುತ್ತಾ ಕಾಯಬಹುದು. ಆದರೂ ಗಂಟು ಬೆಳೆಯುವ ವಯಸ್ಸಿದು, ನಾನಾದರೆ ಗಂಟು ಕುಗ್ಗಿಸುವ ಪ್ರೊಪ್ರನೊಲಾಲ್ ಶುರು ಮಾಡುತ್ತೇನೆ. ದಿನಕ್ಕೆ ಕೆ.ಜಿ.ಗೆ 1 ಮಿ.ಗ್ರಾಂ, ಅಂದರೆ ನಿಮ್ಮ ಮಗುವಿಗೆ 1.5 ಮಿ.ಗ್ರಾಂ ಮೂರು ಹೊತ್ತು. ತಡೆದುಕೊಂಡರೆ ಕೆ.ಜಿ.ಗೆ 2ಕ್ಕೆ ಏರಿಸಿ. ಮೊದಲ ಡೋಸ್ ಆದ ಮೇಲೆ, ಪ್ರತಿ ಸಲ ಏರಿಸಿದಾಗಲೂ, ಒಂದು ಮತ್ತು ಎರಡು ಗಂಟೆಗೆ ನಾಡಿ, ಬಿಪಿ ನೋಡಿ.

ಎಡವುವುದು ಮನೆಯಲ್ಲಿ. 10 ಮಿ.ಗ್ರಾಂ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ 10 ಮಿ.ಲೀ. ನೀರಿನಲ್ಲಿ ಕದಡಿ, ಸೂಜಿಯಿಲ್ಲದ ಸಿರಿಂಜಿನಲ್ಲಿ 1.5 ಮಿ.ಲೀ. ಎಳೆಯುವುದನ್ನು ತಾಯಿಯ ಕೈಯಲ್ಲೇ ಮಾಡಿಸಿ ನೋಡಿ. ಉಳಿದದ್ದನ್ನು ಚೆಲ್ಲಬೇಕು. ಅಂಗಡಿಯವರು 40ರ ಮಾತ್ರೆ ಕೊಟ್ಟರೆ ಡೋಸ್ ನಾಲ್ಕು ಪಟ್ಟು! ಹಾಲು ಕುಡಿಸುತ್ತಲೇ ಔಷಧಿ. ವಾಂತಿ, ಉಬ್ಬಸ ಇದ್ದರೆ, ಹಾಲು ಬಿಟ್ಟರೆ ಆ ಹೊತ್ತಿನ ಡೋಸ್ ಬೇಡ. ಇಲ್ಲದಿದ್ದರೆ ಸಕ್ಕರೆ ಕುಸಿದು ಮಗು ಬೆವತು, ಮಂಕಾಗಿ, ಫಿಟ್ಸ್ ಬರಬಹುದು.

ಪೀಡಿಯಾಟ್ರಿಕ್ಸ್ ಪಿಜಿ:
ಎಕೋ ನಾರ್ಮಲ್. ಟಿಎಸ್‌ಎಚ್ 62, ತುಂಬಾ ಹೆಚ್ಚು; ಫ್ರೀ ಟಿ4 ಕಡಿಮೆ.

ಮಕ್ಕಳ ಎಂಡೋಕ್ರೈನ್:
ಹಾಗಾದರೆ ಕಾಯುವ ಮಾತೇ ಇಲ್ಲ, ಪ್ರೊಪ್ರನೊಲಾಲ್ ಶುರು ಮಾಡಿ. ಜೊತೆಗೆ ಥೈರಾಯ್ಡ್ ಹಾರ್ಮೋನಿನ ಮಾತ್ರೆ ಥೈರಾಕ್ಸಿನ್ 50 ಮೈಕ್ರೋಗ್ರಾಂ ದಿನಕ್ಕೊಂದು, ಒಂದು ಚಮಚ ಎದೆಹಾಲಿನಲ್ಲಿ ಅರೆದು. ಕಬ್ಬಿಣ, ಕ್ಯಾಲ್ಸಿಯಂ ಡ್ರಾಪ್ಸ್ ಅದರ ಜೊತೆ ಬೇಡ. ವಾರ-ಎರಡು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡಿ. ಮಾಮೂಲಿಗಿಂತ ಹೆಚ್ಚು ಡೋಸ್ ಬೇಕಾದೀತು. ಗಂಟು ಕುಗ್ಗತೊಡಗಿದ ಮೇಲೆ ಅದೇ ಡೋಸ್ ಅತಿಯಾಗುತ್ತದೆ, ಇಳಿಸುತ್ತಾ ಬನ್ನಿ.