ಪುಟ್ಟೀ, ಮಗನ ಕಿವಿಗೆ ಏನೂ ಆಗಿಲ್ಲ

ಪುಟ್ಟೀ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಇಷ್ಟೆಲ್ಲ ಟೈಪ್ ಮಾಡೋಕೆ ಆಗಲ್ಲ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಮಗ ನಂಬರ್ ಬರೆದ ಹಾಳೆ ಇದ್ದರೆ ಕೀಬೋರ್ಡ್ ಸರಾಗವಾಗಿ ನುಡಿಸುತ್ತಾನೆ, ಹಾಡು ಕೇಳಿ ನುಡಿಸು ಅಂದರೆ ಒಂದು ಸಾಲೂ ಬರಲ್ಲ ಅಂದಿದ್ದೀಯ. ‘ಇವನಿಗೆ ಕಿವಿ ಇಲ್ಲ, ಅದು ಹುಟ್ಟಿನಿಂದ ಬರಬೇಕು’ ಅಂತ ಮೇಷ್ಟ್ರು ಹೇಳಿದರು, ಬಿಡಿಸಿಬಿಡಲಾ ಅಂತ ಕೇಳಿದ್ದೀಯ. ಬಿಡಿಸಬೇಡ. ಮೊದಲು ಆ ನಂಬರ್ ಹಾಳೆ ತೆಗೆದಿಡು.

ಇದೇ ಮಾತನ್ನು ನನಗೂ ಹೇಳಿದ್ದರು. ನಿನ್ನ ಅಮ್ಮನಿಗೆ ಗೊತ್ತು, ಅವಳು ಆಗ ಇನ್ನೂ ಲಂಗ ಹಾಕುತ್ತಿದ್ದಳು. ಹಳೇ ಮನೆಗೆ ಹಾರ್ಮೋನಿಯಂ ಮೇಷ್ಟ್ರು ಬರುತ್ತಿದ್ದರಲ್ಲ, ಅವರು ಹಾರ್ಮೋನಿಯಂನ ಬಿಳಿ ಮನೆಗಳ, ಅಂದರೆ ಬೆರಳಲ್ಲಿ ಒತ್ತುವ ಕೀಗಳ, ಮೇಲೆಲ್ಲ ಚೀಟಿ ಅಂಟಿಸಿದ್ದರು. ಒಂದು, ಎರಡು, ಮೂರು ಅಂತ. ನೋಟ್‌ಬುಕ್ಕಿನಲ್ಲೂ ಹಾಡಿನ ಕೆಳಗೆ ಬರೀ ನಂಬರ್. ಹಾಡಿಗೆ ಆಧಾರವಾದ ಸಾ ಯಾವುದು, ರಾಗ ಯಾವುದು ಅಂತ ಯಾವತ್ತೂ ಹೇಳಲಿಲ್ಲ. ನಾನು ಪಟಪಟ ನುಡಿಸುತ್ತಿದ್ದೆ. ಅಪ್ಪನಿಗೆ ಭಾರಿ ಹೆಮ್ಮೆ, ಬಂದವರ ಮುಂದೆಲ್ಲ ಕೂರಿಸುತ್ತಿದ್ದರು.

ಆ ವರ್ಷ ನವರಾತ್ರಿಗೆ ದೇವಸ್ಥಾನದಲ್ಲಿ ಭಜನೆ. ಹೊರಗಿನಿಂದ ಒಬ್ಬರು ದೇವರನಾಮ ಹಾಡೋಕೆ ಬಂದಿದ್ದರು. ಮೋಹನ ರಾಗದ ಪದ, ನನಗೆ ಚೆನ್ನಾಗಿ ಬರುತ್ತಿದ್ದದ್ದೇ. ಅವರು ಕೂತು, ‘ಕಪ್ಪು ಎರಡು ಕೊಡಮ್ಮ’ ಅಂದರು. ನನ್ನ ಚೀಟಿ ಇದ್ದದ್ದು ಬಿಳಿ ಮೇಲೆ ಮಾತ್ರ. ಕಪ್ಪು ಎರಡು ಅಂದರೆ ಎರಡನೇ ಕಪ್ಪು ಮನೆಯನ್ನೇ ಸಾ ಮಾಡಿಕೋ ಅಂತ, ನನಗೆ ಆಗ ಅದೇ ಗೊತ್ತಿಲ್ಲ! ಬೆರಳಿಗೆ ರೂಢಿ ಇದ್ದ ಕಡೆಯೇ ಒತ್ತಿದೆ. ಅವರ ಹಾಡು ಒಂದು ಕಡೆ, ನನ್ನ ಹಾರ್ಮೋನಿಯಂ ಒಂದು ಕಡೆ. ದೀಪ ಹಿಡಿದುಕೊಂಡಿದ್ದವರೆಲ್ಲ ತಿರುಗಿ ನೋಡಿದರು. ಯಾರೋ ಬಂದು ತಿದಿ ಮುಚ್ಚಿದರು. ಮಾರನೇ ದಿನ ಮೇಷ್ಟ್ರು ಅಪ್ಪನ ಹತ್ತಿರ, ‘ಇವಳಿಗೆ ಕಿವಿ ಇಲ್ಲ’ ಅಂದರು. ಪಾಠ ಅಲ್ಲಿಗೇ ನಿಂತಿತು. ಎಷ್ಟೋ ವರ್ಷ ನಾನೂ ಅದನ್ನೇ ನಂಬಿದ್ದೆ.

ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೆ ಪಕ್ಕದ ಮನೆಯ ವೀಣೆ ಟೀಚರ್ ಒಂದು ಸಂಜೆ ಕೂರಿಸಿ ತೋರಿಸಿದರು. ಮೋಹನದಲ್ಲಿ ಸ ರಿ ಗ ಪ ದ, ಐದೇ ಸ್ವರ. ಕಪ್ಪು, ಬಿಳಿ ಎರಡನ್ನೂ ಸೇರಿಸಿ ಎಣಿಸಬೇಕು. ಸಾ ಆದ ಮೇಲೆ ಒಂದು ಮನೆ ಬಿಟ್ಟು ರಿ. ಮತ್ತೆ ಒಂದು ಬಿಟ್ಟು ಗ. ಎರಡು ಬಿಟ್ಟು ಪ. ಒಂದು ಬಿಟ್ಟು ದ. ಎರಡು ಬಿಟ್ಟರೆ ಮೇಲಿನ ಸಾ. ಬಿಳಿ ಒಂದರಿಂದ ಶುರು ಮಾಡಿದರೆ ಎಲ್ಲವೂ ಬಿಳಿ. ಕಪ್ಪು ಎರಡರಿಂದ ಶುರು ಮಾಡಿದರೆ ಸಾ, ಪಾ ಕಪ್ಪು, ಉಳಿದ ಮೂರು ಬಿಳಿ. ಬಿಡುವ ಲೆಕ್ಕ ಮಾತ್ರ ಒಂದೇ. ಇಷ್ಟೇ ವಿಷಯ ಕಣೇ! ಇದನ್ನು ಆ ಪುಣ್ಯಾತ್ಮ ಒಂದು ದಿನ ಹೇಳಿದ್ದರೆ ಸಾಕಿತ್ತು.

ಅದಕ್ಕೇ ಮತ್ತೆ ಹೇಳುತ್ತೇನೆ, ನಂಬರ್ ಹಾಳೆ ತೆಗೆದಿಡು. ಆ ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಬಟನ್ ಇರುತ್ತಲ್ಲ, ಅದನ್ನೂ ಸದ್ಯಕ್ಕೆ ಮುಟ್ಟಿಸಬೇಡ. ಅದು ಒತ್ತಿದರೆ ಬೆರಳು ಇದ್ದಲ್ಲೇ ಇರುತ್ತದೆ, ಶ್ರುತಿ ಮಾತ್ರ ಬದಲಾಗುತ್ತದೆ. ಮಗುವಿಗೆ ಲೆಕ್ಕ ಹಾಕುವ ಕೆಲಸವೇ ಇರಲ್ಲ.

ಆ ಹಾರ್ಮೋನಿಯಂ ಈಗ ಇದ್ದಿದ್ದರೆ ಅವನಿಗೇ ಕೊಡುತ್ತಿದ್ದೆ. ಜರ್ಮನ್ ರೀಡಿನದು, ಅಜ್ಜ ತಂದಿದ್ದು. ಮನೆ ಪಾಲಾದಾಗ ಅಟ್ಟದ ಸಾಮಾನಿನ ಜೊತೆ ಗುಜರಿಗೆ ಹೋಯಿತು. ಯಾರು ಕೊಟ್ಟರು ಅಂತ ಈ ಗ್ರೂಪಿನಲ್ಲಿ ಹೇಳಲ್ಲ, ಗೊತ್ತಿರುವವರಿಗೆ ಗೊತ್ತು. ನನ್ನನ್ನು ಒಂದು ಮಾತು ಕೇಳಬಹುದಿತ್ತು, ಅಲ್ವಾ? ‘ಹಳೇ ಪೆಟ್ಟಿಗೆ ತಾನೆ’ ಅಂದರಂತೆ. ಹಾರ್ಮೋನಿಯಂ ಅಂದರೆ ಮೊದಲಿಂದಲೂ ಎಲ್ಲರಿಗೂ ತಾತ್ಸಾರ. ಗಮಕ, ಅಂದರೆ ಸ್ವರವನ್ನು ಅಲ್ಲಾಡಿಸಿ ಜಾರಿಸುವುದು, ಅದರಲ್ಲಿ ಬರಲ್ಲ ಅಂತ ರೇಡಿಯೋದವರೇ 1940ರಿಂದ 1971ರ ತನಕ ದೂರ ಇಟ್ಟಿದ್ದರು. ಗಮಕ ಬರಲ್ಲ, ನಿಜ. ಆದರೆ ಹನ್ನೆರಡು ಸ್ವರಸ್ಥಾನವೂ ಅದರಲ್ಲಿ ಸಾಲಾಗಿ ಕಣ್ಣಿಗೆ ಕಾಣುತ್ತದೆ. ನನಗೆ ಆ ಸಂಕಟ ಇನ್ನೂ ಇದೆ, ಇರಲಿ.

ಅಯ್ಯೋ, ಏನು ಮಾಡಬೇಕು ಅಂತ ಹೇಳಲೇ ಇಲ್ಲ. ಕೇಳು. ಹಾಡು ಹಾಕಿ, ಕೀಬೋರ್ಡ್ ಮುಟ್ಟದೆ ಮೊದಲು ಗುನುಗಲಿ. ಸಾಲು ಮುಗಿದಾಗ ‘ಆಯ್ತು, ಮುಗೀತು’ ಅನ್ನಿಸುವ ಸ್ವರ ಒಂದಿರುತ್ತದೆ, ಸಾಮಾನ್ಯವಾಗಿ ಅದೇ ಸಾ. ಅದನ್ನು ಹುಡುಕಿ ಒತ್ತಿಕೊಂಡು, ಅದರ ಮೇಲೆ ಹಾಡಲಿ. ಆಮೇಲೆ ಗಾ ನೋಡಲಿ. ಸಾ ಬಿಟ್ಟು ಎಣಿಸಿದರೆ ಮೂರನೇ ಮನೆ ಸಾಧಾರಣ ಗಾಂಧಾರ, ನಾಲ್ಕನೆಯದು ಅಂತರ ಗಾಂಧಾರ. ಯಾವುದು ಹೊಂದುತ್ತದೆ ಅಂತ ಗೊತ್ತಾದರೆ ಅವನ ಮೇಷ್ಟ್ರು ಹೇಳುವ ಮೇಜರ್, ಮೈನರ್ ಯಾವುದು ಅಂತಲೂ ಗೊತ್ತಾಗುತ್ತದೆ: ಅಂತರ ಆದರೆ ಮೇಜರ್, ಸಾಧಾರಣ ಆದರೆ ಮೈನರ್. ಶುರುವಿಗೆ ಜನಗಣಮನ ಸಾಕು. ಮೊದಲ ಸಾಲು ಸ ರಿ ಗ ಗ ಗ ಗ ಅಂತ ಹೋಗಿ ‘ಜಯಹೇ’ಗೆ ರಿ ಗ ಮ ಅಂತ ನಿಲ್ಲುತ್ತದೆ. ಇದರಲ್ಲಿ ಮಾತ್ರ ಸಾ ಸಿಗುವುದು ಸಾಲಿನ ಶುರುವಿನಲ್ಲಿ, ಕೊನೆಯಲ್ಲಲ್ಲ. ನೀನು ಹೇಳಿಕೊಡಬೇಡ, ಅವನೇ ಹುಡುಕಲಿ. ಬಿಳಿ ಒಂದರಲ್ಲಿ ಬಂದ ಮೇಲೆ ಬೇರೆ ಮನೆಯಿಂದ ಮಾಡಿಸು.

ಸಿನಿಮಾ ಹಾಡಿನಲ್ಲಿ ಸ್ವರ ಅಲ್ಲಾಡಿದರೆ ಗಾಬರಿ ಬೇಡ. ಅಲ್ಲಾಡಿ ಎಲ್ಲಿ ನಿಲ್ಲುತ್ತದೆ ಅಂತ ಮಾತ್ರ ಹಿಡಿಯಲಿ. ಮೇಜರ್ ಹಾಡಾದರೆ ಎಡಗೈಗೆ ಮೊದಲು ಮೂರು ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು, ಸಾಕು. ಸ ಗ ಪ, ಮ ದ ಸ, ಪ ನಿ ರಿ. ಏಳು ಸ್ವರವೂ ಅದರಲ್ಲೇ ಬಂತು. ಎಲ್ಲಿ ಯಾವುದು ಅಂತ ಅವನ ಕಿವಿಯೇ ಆರಿಸಲಿ. ದಿನಾ ಸ್ವಲ್ಪ ಹೊತ್ತು ಶ್ರುತಿಗೆ ತಂಬೂರಿ ಆಪ್ ಹಾಕಿ ಸರಳೆ, ಅದೇ ಸರಿಗಮದ ಮೊದಲ ಪಾಠ, ಹಾಡಿಸು. ಯಾವ ಆಪ್ ಅಂತ ನಿನ್ನ ಗಂಡನನ್ನು ಕೇಳು, ನನ್ನ ಫೋನಿಗೆ ಹಾಕಿಕೊಟ್ಟಿದ್ದು ಅವನೇ.