ಹಾಸನದಲ್ಲಿ ಎರಡು ದಿನದ ಕೈಗಾರಿಕಾ ಭೇಟಿ: ಯಾವ ಗೇಟಿಗೆ, ಎಷ್ಟು ಹೊತ್ತಿಗೆ?

ಕೇಳಿದ್ದು: ಸಾಗಣೆ, ಗೋಡೌನ್, ಖರೀದಿ ವಿಭಾಗಗಳಲ್ಲಿ ಕೆಲಸ ಮಾಡುವ 28 ಜನ ಬೆಂಗಳೂರಿನಿಂದ ಹಾಸನಕ್ಕೆ ಬರ್ತಿದ್ದಾರೆ, ಎರಡು ದಿನಕ್ಕೆ. ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವುದು), ಡೇರಿ, ಇಂಧನ ಡಿಪೊ, ಗಾರ್ಮೆಂಟ್ಸ್ ನಾಲ್ಕನ್ನೂ ತೋರಿಸಿ, ಒಂದು ತೋಟಕ್ಕೂ ಹೋಗಿಬರುವ ಯೋಚನೆ ಇದೆ. ಜುಲೈ ಅಂದುಕೊಂಡಿದ್ದೇವೆ. ಎಲ್ಲೆಲ್ಲಿ ಎಷ್ಟು ಹೊತ್ತು ಬೇಕು, ಅನುಮತಿ ಹೇಗೆ, ಏನೇನು ಎಡವಟ್ಟಾಗುತ್ತೆ? ಗೊತ್ತಿದ್ದವರು ಹೇಳಿ.

ಕ್ಯೂರಿಂಗ್ ಕೆಲಸದವರು, ಹಾಸನ

ಮೊದಲು ತಿಂಗಳು ಬದಲಿಸಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಕ್ಯೂರಿಂಗ್ ವರ್ಕ್ಸ್‌ನ ಅಂಗಳದಲ್ಲಿ ಲಾರಿ ಸಾಲು ನಿಂತಿರುವುದನ್ನು ನೋಡಬೇಕಾದರೆ ಫೆಬ್ರವರಿ, ಮಾರ್ಚ್‌ನಲ್ಲಿ ಬನ್ನಿ. ಜುಲೈನಲ್ಲಿ ಬಂದರೆ ಗೋಡೌನಿನಲ್ಲಿ ಅಟ್ಟಿ ನೋಡಬಹುದು, ಮಷೀನು ಓಡ್ತಿರುತ್ತೆ ಅನ್ನೋ ಭರವಸೆ ಇಲ್ಲ. ಜುಲೈ ಬಿಟ್ಟು ಬೇರೆ ದಾರಿಯೇ ಇಲ್ಲ ಅಂದರೆ ಘಟ್ಟ ಇಳಿದು ಮಂಗಳೂರಿಗೆ ಹೋಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬೀಜಕ್ಕೆ ಬೇಕೆಂದೇ ಮಳೆಗಾಳಿ ಕುಡಿಸಿ ಮಾನ್ಸೂನ್ಡ್ ಕಾಫಿ ಮಾಡ್ತಾರೆ. ಇಲ್ಲಿ ಯಾವ ತೇವಕ್ಕೆ ಹೆದರ್ತೀವೋ ಅಲ್ಲಿ ಅದೇ ಬಂಡವಾಳ.

ಒಳಗೆ ಹೋದಾಗ ಗೈಡ್ ನಿಮ್ಮನ್ನು ಸೀದಾ ಬಣ್ಣ ನೋಡಿ ಬೀಜ ಬೇರ್ಪಡಿಸುವ ಕಲರ್ ಸಾರ್ಟರ್ ಹತ್ತಿರ ಕರ್ಕೊಂಡು ಹೋಗ್ತಾರೆ. ದುಬಾರಿ ಮಷೀನು ಅದು, ತೋರಿಸಲು ಖುಷಿ. ನೀವು ವೇ ಬ್ರಿಡ್ಜ್‌ನಿಂದ ಶುರು ಮಾಡಿ ಅಂತ ಕೇಳಿಕೊಳ್ಳಿ. ಲಾರಿ ತೂಗಿದ ಮೇಲೆ ಮೂಟೆಗೆ ಮೊನಚು ಕೊಳವೆ ಚುಚ್ಚಿ ಸ್ಯಾಂಪಲ್ ಎಳೀತಾರೆ. ಕಾಫಿ ಮಂಡಳಿಯ ಮಾನದಂಡದ ಪ್ರಕಾರ ತೇವಾಂಶ ಪಾರ್ಚ್‌ಮೆಂಟ್‌ಗೆ (ತಿರುಳು ತೆಗೆದು ಒಣಗಿಸಿದ್ದು) 10%, ರೋಬಸ್ಟಾ ಚೆರ್ರಿಗೆ (ಹಣ್ಣನ್ನೇ ಒಣಗಿಸಿದ್ದು) 11%, ಅರೇಬಿಕಾ ಚೆರ್ರಿಗೆ 12%. ಅದಕ್ಕಿಂತ ಹಸಿ ಇದ್ದರೆ ಸಿಪ್ಪೆ ಬಿಡಿಸುವ ಹಲ್ಲರ್‌ನಲ್ಲಿ ಬೀಜ ಜಜ್ಜಿಹೋಗುತ್ತೆ, ಅಟ್ಟಿಯಲ್ಲಿ ಬೂಸಲು ಹಿಡಿಯುತ್ತೆ. ತೀರಾ ಒಣಗಿದ್ದರೆ ಬೀಜ ಒಡೆಯುತ್ತೆ, ತೂಕವೂ ಹೋಗುತ್ತೆ. ಆಮೇಲೆ ಔಟ್‌ಟರ್ನ್ (ಓಟಿ). 50 ಕೆ.ಜಿ. ಚೆರ್ರಿ ಮೂಟೆಗೆ 26 ಕೆ.ಜಿ. ಶುದ್ಧ ಬೀಜ ಬಂದರೆ ಓಟಿ 26. ಬೆಳೆಗಾರನ ದುಡ್ಡು ನಿಲ್ಲುವುದು ಈ ಒಂದು ಅಂಕಿಯ ಮೇಲೆ. ಆ ಮೇಜಿನ ಹತ್ತಿರ ಇಪ್ಪತ್ತು ನಿಮಿಷ ನಿಂತರೆ ಇಡೀ ವ್ಯವಹಾರ ಅರ್ಥವಾಗುತ್ತೆ.

ಮುಂದೆ ಪ್ರೀಕ್ಲೀನರ್, ಕಲ್ಲು ತೆಗೆಯುವ ಡಿಸ್ಟೋನರ್, ಹಲ್ಲರ್, ಗ್ರೇಡರ್, ಹಗುರ ಬೀಜ ಹಾರಿಸುವ ಕ್ಯಾಟಡಾರ್, ಗ್ರಾವಿಟಿ ಟೇಬಲ್, ಸಾರ್ಟರ್, ಕೊನೆಗೆ ಕೈಯಿಂದ ಆರಿಸುವ ಗಾರ್ಬ್ಲಿಂಗ್. ಗ್ರೇಡರ್ ಜರಡಿಯನ್ನು ಕೈಗೆ ಕೊಡಿಸಿ: 7.10 ಮಿ.ಮೀ. ತೂತಿನ ಮೇಲೆ ನಿಂತದ್ದು ಎಎ, 6.65ರ ಮೇಲೆ ನಿಂತದ್ದು ಎ. ಒಂಟಿ ಬೀಜದ ಪಿಬಿ (ಪೀಬೆರಿ) ಬೇರೆ ಹೋಗುತ್ತೆ.

ಸಪ್ಲೈ ಚೈನ್‌ನವರು ಕೇಳಲೇಬೇಕಾದ ಪ್ರಶ್ನೆ: ಒಬ್ಬ ಬೆಳೆಗಾರನ ಲಾಟ್ ಮುಗಿದು ಇನ್ನೊಬ್ಬರದ್ದು ಹಾಕುವ ಮಧ್ಯೆ ಎಷ್ಟು ಹೊತ್ತು? ಎಲಿವೇಟರ್ ಬಕೆಟ್, ಬಿನ್ನು, ಜರಡಿ ಎಲ್ಲ ಖಾಲಿ ಮಾಡದೆ ಮುಂದಿನದು ಸುರಿದರೆ ಎರಡು ಲಾಟೂ ಕೆಟ್ಟವು. 30 ಮೂಟೆ ಲಾಟಿಗೂ 300 ಮೂಟೆ ಲಾಟಿಗೂ ಈ ಖಾಲಿ ಮಾಡುವ ಹೊತ್ತು ಹೆಚ್ಚುಕಮ್ಮಿ ಒಂದೇ. ಸಣ್ಣ ಬೆಳೆಗಾರರ ಮಾಲು ಯಾಕೆ ಸರದಿಯಲ್ಲಿ ಕಾಯುತ್ತೆ ಅನ್ನೋದಕ್ಕೆ ಉತ್ತರ ಅಲ್ಲಿದೆ.

ಕಂಟೇನರ್ ಸಾಗಣೆ, ಸಕಲೇಶಪುರ

ಮೇಲಿನವರು ಗೋಡೌನಿಗೆ ನಿಲ್ಲಿಸಿದರು, ಅಲ್ಲಿಂದ ಮುಂದಿನದು ಹೇಳ್ತೀನಿ. ಸ್ಟಫಿಂಗ್ (ಕಂಟೇನರಿಗೆ ಚೀಲ ತುಂಬುವುದು) ಇರುವ ದಿನವನ್ನೇ ಕೇಳಿ ಭೇಟಿ ಗೊತ್ತು ಮಾಡಿ. ಹಿಂದಿನ ಸಂಜೆ ಫೋನ್ ಮಾಡಿ ಖಾಲಿ ಕಂಟೇನರ್ ಮಂಗಳೂರು ಬಿಟ್ಟಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಅದು ಘಟ್ಟ ಹತ್ತಿ ಬರುವುದು ತಡವಾದರೆ ನಿಮ್ಮ ಇಡೀ ಬೆಳಗ್ಗೆ ಹೋಯಿತು.

ಕಂಟೇನರ್ ಬಂದ ಮೇಲೆ ಮೊದಲ ಕೆಲಸ ಬೆಳಕಿನ ಪರೀಕ್ಷೆ. ಇಬ್ಬರು ಒಳಗೆ ಹೋಗಿ ಬಾಗಿಲು ಹಾಕಿಸಿಕೊಂಡು ಒಂದು ನಿಮಿಷ ಸುಮ್ಮನೆ ನಿಲ್ಲಬೇಕು. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಛಾವಣಿಯಲ್ಲಿ, ಮೂಲೆಯಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೂ ಕಂಟೇನರ್ ವಾಪಸ್. ಅಲ್ಲೇ ಮೂಸಿಯೂ ನೋಡ್ತಾರೆ. ಹಿಂದಿನ ಸಲ ರಾಸಾಯನಿಕವೋ ತೊಗಲೋ ಬಂದಿದ್ದರೆ ಕಾಫಿ ಆ ವಾಸನೆ ಎಳೆದುಕೊಳ್ಳುತ್ತೆ. ನಿಮ್ಮ ತಂಡದವರನ್ನು ಇಬ್ಬಿಬ್ಬರಂತೆ ಒಳಗೆ ಬಿಡಲು ಕೇಳಿ. ಖರ್ಚಿಲ್ಲದ ಕೆಲಸ, ಆದರೆ ಯಾರೂ ಮರೆಯಲ್ಲ.

ಗೋಡೆಗೆ, ನೆಲಕ್ಕೆ ಕ್ರಾಫ್ಟ್ ಕಾಗದ ಹೊದಿಸಿ, ತೇವ ಹೀರುವ ಡೆಸಿಕಂಟ್ ಪಟ್ಟಿ ನೇತುಹಾಕ್ತಾರೆ. 20 ಅಡಿ ಕಂಟೇನರಿಗೆ 60 ಕೆ.ಜಿ.ಯ 320 ಚೀಲ, ಅಂದರೆ 19.2 ಟನ್. ಮೇಲೆ ಜಾಗ ಉಳಿಯುತ್ತಲ್ಲ ಅಂತ ಯಾರಾದರೂ ಕೇಳೇ ಕೇಳ್ತಾರೆ. ಚೀಲ ಛಾವಣಿಗೆ ತಾಗಬಾರದು. ಹಡಗು ಬಿಸಿಲ ಕಡಲಿಂದ ಚಳಿ ಕಡಲಿಗೆ ಹೋದಾಗ ಒಳಗಿನ ತೇವ ತಣ್ಣನೆ ತಗಡಿಗೆ ಹನಿಗಟ್ಟಿ ಕೆಳಗೆ ತೊಟ್ಟಿಕ್ಕುತ್ತೆ. ಚೀಲದ ತೂಕ, ಖಾಲಿ ಕಂಟೇನರಿನ ಸುಮಾರು 2.2 ಟನ್ ಸೇರಿಸಿ ಒಟ್ಟು ತೂಕ ಘೋಷಿಸಬೇಕು. ವಿಜಿಎಂ ಅನ್ನೋ ಈ ತೂಕದ ಘೋಷಣೆ ಇಲ್ಲದ ಕಂಟೇನರನ್ನು 2016ರ ಜುಲೈ 1ರಿಂದ ಹಡಗಿಗೆ ಹತ್ತಿಸುವಂತಿಲ್ಲ. ಕೊನೆಗೆ ಬೋಲ್ಟ್ ಸೀಲ್. ಸೀಲಿನ ನಂಬರಲ್ಲಿ ಒಂದಂಕಿ ಇನ್‌ವಾಯ್ಸ್‌ನಲ್ಲಿ ತಪ್ಪಿದರೆ ಗಾಡಿ ಬಂದರಿನಲ್ಲಿ ನಿಂತುಬಿಡುತ್ತೆ.

ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಚೀಟಿ) ಹುರಿಯದ ಕಾಫಿ ಬೀಜಕ್ಕೆ ಬೇಡ, ಆದರೆ ಅದು ಬೇಕಾದ ಬೇರೆ ಮಾಲಿಗೆ ಒಂದು ಲೆಕ್ಕ ತೋರಿಸಿ. 200 ಕಿ.ಮೀ.ಗೆ ಒಂದು ದಿನ. ಹಾಸನದಿಂದ ಶಿರಾಡಿ ಘಾಟಿ ಮೇಲೆ ಮಂಗಳೂರು ಸುಮಾರು 170, ಒಂದು ದಿನದಲ್ಲಿ ಬರುತ್ತೆ. ಮಳೆಗೆ ಗುಡ್ಡ ಕುಸಿದು ಶಿರಾಡಿ ಬಂದ್ ಆದರೆ, ಚಾರ್ಮಾಡಿಯಲ್ಲಿ ಭಾರಿ ವಾಹನಕ್ಕೆ ನಿರ್ಬಂಧ ಇರುವುದರಿಂದ ಸುತ್ತು ಹೊಡೆಯಬೇಕು, ಇಲ್ಲವೇ ಸಕಲೇಶಪುರದಲ್ಲಿ ಕಾಯಬೇಕು. ಬಿಲ್ಲಿನ ಅವಧಿ ಮುಗಿಯುವ 8 ಗಂಟೆ ಮೊದಲು ಅಥವಾ ಮುಗಿದ 8 ಗಂಟೆಯೊಳಗೆ ಮಾತ್ರ ವಿಸ್ತರಣೆಗೆ ಅವಕಾಶ. ಅರ್ಧರಾತ್ರಿ ಅದನ್ನು ಮಾಡಲು ಆಫೀಸಿನಲ್ಲಿ ಯಾರಿದ್ದಾರೆ ಅಂತ ಕೇಳಿ ನೋಡಿ.

ಡೇರಿ ಡಿಸ್ಪ್ಯಾಚ್ ಬಲ್ಲವರು

ಹನ್ನೊಂದು ಗಂಟೆಗೆ ಡೇರಿಗೆ ಬರಬೇಡಿ. ಎಲ್ಲ ತಂಡಗಳೂ ಅದೇ ಹೊತ್ತಿಗೆ ಬಂದು ಪೈಪು ತೊಳೆಯುವುದನ್ನು ನೋಡಿಕೊಂಡು ಪೇಡ ತಿಂದು ಹೋಗ್ತವೆ. ನಿಮಗೆ ಬೇಕಾದ್ದು ಎರಡು ಹೊತ್ತು: ಟ್ಯಾಂಕರ್ ಬರುವ ಹೊತ್ತು ಮತ್ತು ಪ್ಯಾಕೆಟ್ ಗಾಡಿ ಹೊರಡುವ ಹೊತ್ತು. ಎರಡನೆಯದು ನಡುರಾತ್ರಿ ಮೇಲೆ. ರಾತ್ರಿ ಅನುಮತಿ ಎಲ್ಲರಿಗೂ ಸಿಗಲ್ಲ, ಎಂಟು ಜನರ ಗುಂಪಾದರೆ ಕೇಳಿ ನೋಡಬಹುದು.

ಟ್ಯಾಂಕರ್ ಡಾಕ್‌ನಲ್ಲಿ ಗಮನಿಸಿ: ಹಾಲನ್ನು ಚೆನ್ನಾಗಿ ಕಲಕದೆ ಸ್ಯಾಂಪಲ್ ತೆಗೆದರೆ ಮೇಲಿನ ಕೆನೆ ಮಾತ್ರ ಬಂದು ಫ್ಯಾಟ್ ಲೆಕ್ಕ ಸುಳ್ಳಾಗುತ್ತೆ. ಹಳ್ಳಿಯ ಬಲ್ಕ್ ಕೂಲರ್‌ನಲ್ಲಿ 4 ಡಿಗ್ರಿಗೆ ಇಳಿಸಿದ ಹಾಲು ಇಲ್ಲಿ ಎಷ್ಟು ಡಿಗ್ರಿಗೆ ಬಂತು ಅನ್ನೋದೇ ಆ ರೂಟಿನ ಮಾರ್ಕ್ಸ್ ಕಾರ್ಡು. ಪಾಶ್ಚರೀಕರಣ 72 ಡಿಗ್ರಿಯಲ್ಲಿ 15 ಸೆಕೆಂಡ್, ಅದನ್ನು ಗಾಜಿನಾಚೆಯಿಂದ ನೋಡಿದರೆ ಸಾಕು. ಹೊರಗೆ ಬಂದು ಖಾಲಿ ಕ್ರೇಟ್ ರಾಶಿ ಹತ್ತಿರ ನಿಲ್ಲಿ. ಹೋದ ಕ್ರೇಟ್ ಎಷ್ಟು, ವಾಪಸ್ ಬಂದದ್ದೆಷ್ಟು, ವ್ಯತ್ಯಾಸ ಯಾರ ಲೆಕ್ಕಕ್ಕೆ? ಸಾಗಣೆಯವರಿಗೆ ಬಾಯ್ಲರ್‌ಗಿಂತ ಇದು ಉಪಯೋಗ.

ಉಂಗುರ, ಬಳೆ, ವಾಚು ಬಸ್ಸಿನಲ್ಲೇ ಬಿಡಿಸಿ. ಗೇಟಿನಲ್ಲಿ ಬಿಚ್ಚಿಸಲು ಹೋದರೆ 28 ಜನಕ್ಕೆ ಅರ್ಧ ಗಂಟೆ.

ಡಿಪೊ ಬಗ್ಗೆ

28 ಜನ ಅಂದರೆ ಗೇಟಲ್ಲೇ ಇಲ್ಲ ಅಂತಾರೆ. ಹತ್ತು ಜನಕ್ಕೆ ಇಳಿಸಿ, ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ತಿಂಗಳು ಮೊದಲು ಬರೆಯಿರಿ. ಮೊಬೈಲ್, ಸ್ಮಾರ್ಟ್‌ವಾಚ್, ಲೈಟರ್, ಕಾರಿನ ರಿಮೋಟ್ ಕೀ ಎಲ್ಲ ಹೊರಗೆ. ಹತ್ತಿ ಬಟ್ಟೆ, ಮುಚ್ಚಿದ ಶೂ. ಕೇಳಬೇಕಾದ್ದು ಎರಡು. ಮಂಗಳೂರು–ಹಾಸನ–ಬೆಂಗಳೂರು ಕೊಳವೆಯಲ್ಲಿ ಪೆಟ್ರೋಲ್, ಡೀಸೆಲ್ ಒಂದರ ಹಿಂದೊಂದು ಬರುವಾಗ ನಡುವೆ ಬೆರೆತದ್ದನ್ನು ಎಲ್ಲಿ ಕತ್ತರಿಸ್ತಾರೆ? ಲೋಡಾದ ಟ್ಯಾಂಕರಿನ ಸಾಂದ್ರತೆ 15 ಡಿಗ್ರಿಗೆ ಪರಿವರ್ತಿಸಿ ಬರೆದದ್ದಕ್ಕೂ ಬಂಕಿನಲ್ಲಿ ಅಳೆದದ್ದಕ್ಕೂ ಘನ ಮೀಟರಿಗೆ 3 ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಏನು ಮಾಡ್ತಾರೆ?

ತೋಟದ ಕಡೆಯವರು, ಮೂಡಿಗೆರೆ

ದೊಡ್ಡ ಬಸ್ ತೋಟದ ರಸ್ತೆಗೆ ಇಳಿಯಲ್ಲ. ಎರಡು ಟೆಂಪೊ ಟ್ರಾವೆಲರ್ ಮಾಡಿ. ಹಣ್ಣಿನ ಸಿಪ್ಪೆ, ತಿರುಳು ತೆಗೆಯುವ ಪಲ್ಪರ್ ಮನೆ ನೋಡಬೇಕಾದರೆ ಸಂಜೆ ನಾಲ್ಕರ ಮೇಲೆ. ಹಣ್ಣು ಕೊಯ್ದು ತೂಕ ಮಾಡಿ ಪಲ್ಪಿಂಗ್ ಶುರುವಾಗುವುದು ಆಗಲೇ, ಅವತ್ತಿನ ಹಣ್ಣು ಅವತ್ತೇ ಪಲ್ಪ್ ಆಗಬೇಕು. ಬೆಳಗ್ಗೆ ಬಂದರೆ ಕಣದಲ್ಲಿ ಹರಡಿದ ಕಾಫಿ ಮಾತ್ರ. ಅದರ ಮೇಲೆ ಶೂ ಹಾಕಿ ನಡೆಯಬೇಡಿ, ದಯವಿಟ್ಟು.

ಯುರೋಪಿಗೆ ಹೋಗುವ ಮಾಲಿನ ವಿಷಯ ಕೇಳಿ. ಜಾರಿಯ ದಿನ ಎರಡು ಸಲ ಮುಂದೆ ಹೋಗಿರುವ ಅಲ್ಲಿನ ಹೊಸ ನಿಯಮದಂತೆ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಆಗಬಾರದು. 4 ಹೆಕ್ಟೇರ್‌ಗಿಂತ ದೊಡ್ಡ ತುಂಡಿಗೆ ಗಡಿಯ ನಕ್ಷೆ, ಚಿಕ್ಕದಕ್ಕೆ ಒಂದು ಬಿಂದು ಸಾಕು. ಹತ್ತಾರು ತೋಟದ ಮಾಲು ಒಂದೇ ಬಲ್ಕ್ ಆಗುವಾಗ ಈ ನಕ್ಷೆ ಮೂಟೆಯ ಜೊತೆ ಹೇಗೆ ಸಾಗುತ್ತೆ ಅನ್ನೋದು ಸದ್ಯದ ತಲೆನೋವು. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಸೇರಿಸ್ತೀನಿ ಅಂತ ಆಸೆಪಡಬೇಡಿ, ಅದಕ್ಕೇ ಒಂದು ದಿನ ಬೇಕು.

ತರಬೇತಿ ಭೇಟಿ ಏರ್ಪಡಿಸುವವರು

ಎರಡು ದಿನಕ್ಕೆ ಐದು ಜಾಗ ಆಗಲ್ಲ, ಮೂರಾದರೆ ಹೆಚ್ಚು. ಗಾರ್ಮೆಂಟ್ಸ್ ಬಿಡಿ, ಬೆಂಗಳೂರಿನವರಿಗೆ ಅದು ಅಲ್ಲೇ ಸಿಗುತ್ತೆ. ಡಿಪೊ ಬೇಕಾದ ಹತ್ತು ಜನ ಎರಡನೇ ದಿನ ಬೆಳಗ್ಗೆ ಹೋಗಲಿ, ಉಳಿದವರು ಡೇರಿ ಡಾಕ್‌ಗೆ. ಮೊದಲ ದಿನ ಪೂರ್ತಿ ಕಾಫಿ: ಬೆಳಗ್ಗೆ ಕ್ಯೂರಿಂಗ್ ಮತ್ತು ಸ್ಟಫಿಂಗ್, ಮಧ್ಯಾಹ್ನ ಊಟ ಮಾಡಿ ತೋಟಕ್ಕೆ. ಹಿಮ್ಮುಖ ಆಯಿತಲ್ಲ ಅನ್ನಬೇಡಿ, ಮಾಲಿನ ಹೊತ್ತು ನಿಮ್ಮ ಪಟ್ಟಿ ಕೇಳಲ್ಲ.

ಹಲ್ಲರ್ ಪಕ್ಕ ಒಬ್ಬರು 28 ಜನಕ್ಕೆ ವಿವರಿಸಿದರೆ ಮುಂದಿನ ಆರು ಜನಕ್ಕೆ ಮಾತ್ರ ಕೇಳಿಸುತ್ತೆ. ಏಳೇಳರ ನಾಲ್ಕು ಗುಂಪು ಮಾಡಿ, ಹದಿನೈದು ನಿಮಿಷ ಅಂತರದಲ್ಲಿ ಬಿಡಿ. ವಿವರಣೆ ಹೊರಗೆ, ನೋಡುವುದು ಒಳಗೆ. ಶೂ ಅಳತೆ, ಹೆಸರು, ಗುರುತಿನ ಚೀಟಿ ನಂಬರ್ ವಾರ ಮೊದಲೇ ಕಳಿಸಿ. ಫೋಟೊ ಎಲ್ಲಿ ತೆಗೆಯಬಹುದು ಅನ್ನೋದು ಬರಹದಲ್ಲಿರಲಿ. ಶಿಫ್ಟ್ ಬದಲಾಗುವ ಹೊತ್ತಿಗೆ ಗೇಟಿಗೆ ಹೋಗಬೇಡಿ, ಸೆಕ್ಯೂರಿಟಿಯವರಿಗೆ ಆಗ ಪುರುಸೊತ್ತಿರಲ್ಲ. ಹೆಂಗಸರಿಗೆ ಶೌಚಾಲಯ ಎಲ್ಲಿದೆ ಅಂತ ಮೊದಲೇ ಕೇಳಿ, ಗೋಡೌನ್ ಬದಿಯಲ್ಲಿ ಎಷ್ಟೋ ಕಡೆ ಇರಲ್ಲ. ಸೆರಗು, ದುಪಟ್ಟ ಬೆಲ್ಟ್ ಕನ್ವೇಯರ್ ಹತ್ತಿರ ಅಪಾಯ.

ಪ್ರತಿ ಗುಂಪಿಗೂ ಒಂದು ಹಾಳೆ ಕೊಡಿ, ನಾಲ್ಕೇ ಕಾಲಂ: ಮಾಲು ಬಂದ ಹೊತ್ತು, ಕೆಲಸ ಶುರುವಾದ ಹೊತ್ತು, ಮುಗಿದದ್ದು, ಹೊರಟದ್ದು. ಲಾರಿ ಚೀಟಿ, ವೇ ಬ್ರಿಡ್ಜ್ ಸ್ಲಿಪ್, ಲಾಟ್ ಕಾರ್ಡ್ ನೋಡಿ ತುಂಬಲಿ. ಕೆಲಸ ನಡೆದ ಹೊತ್ತಿಗಿಂತ ಕಾದ ಹೊತ್ತು ಎಲ್ಲ ಕಡೆ ಉದ್ದ ಬರುತ್ತೆ. ಸಂಜೆ ಹೋಟೆಲಿನಲ್ಲಿ ನಾಲ್ಕೂ ಹಾಳೆ ಪಕ್ಕಪಕ್ಕ ಇಟ್ಟು ಮಾತಾಡಿ.

ಕೇಳಿದವರು

ಫೆಬ್ರವರಿಗೆ ಹಾಕಿದೆವು. ಗಾರ್ಮೆಂಟ್ಸ್ ಕೈಬಿಟ್ಟಿದ್ದೇವೆ. ಸ್ಟಫಿಂಗ್ ದಿನ ಗೊತ್ತಾದ ಮೇಲೆ ಬಸ್ ಬುಕ್ ಮಾಡೋದಾ, ಮೊದಲೇನಾ?

ಕಂಟೇನರ್ ಸಾಗಣೆ, ಸಕಲೇಶಪುರ

ಗೊತ್ತಾದ ಮೇಲೆ. ಹಡಗಿನ ಕಟ್‌ಆಫ್ (ಬಂದರಿಗೆ ಮಾಲು ಒಪ್ಪಿಸುವ ಕೊನೆ ಹೊತ್ತು) ಹಿಂದೆಮುಂದೆ ಆದರೆ ಸ್ಟಫಿಂಗೂ ಜಾರುತ್ತೆ. ವಾರದ ಎರಡು ದಿನ ಆಯ್ಕೆಗೆ ಇಟ್ಟುಕೊಂಡು ಮಾತಾಡಿ.