ರೀಬೋರ್ ಆದ ಬುಲೆಟ್ 350: ಪಿಸ್ಟನ್ ಗುರುತಿಸುವ ಬಗೆ, ಕಂಪ್ರೆಷನ್ ಮತ್ತು ನಾಕಿಂಗ್

ಪ್ರಶ್ನೆ: ಎರಕದ ಕಬ್ಬಿಣದ ಸಿಲಿಂಡರ್ ಇರುವ ಹಳೆಯ ಬುಲೆಟ್ 350ಕ್ಕೆ ರೀಬೋರ್ (ಸವೆದ ಸಿಲಿಂಡರಿನ ಒಳಗನ್ನು ಕೊರೆದು ಅಗಲಿಸುವುದು) ಮಾಡಿಸಿ ಬೇರೆ ಕಂಪನಿಯ ಪಿಸ್ಟನ್ ಹಾಕಿಸಿದ್ದೇನೆ. ಅಂದಿನಿಂದ ಚಾರ್ಮಾಡಿ ಘಾಟಿಯ ಏರಿನಲ್ಲಿ ಎಂಜಿನ್ ಟಣಟಣ ಎನ್ನುತ್ತದೆ. ಪಿಸ್ಟನ್ನಿನ ತಲೆಯ ಮೇಲೆ 0.50 ಎಂದು ಒತ್ತಿದೆ. ಇದು ಹೆಚ್ಚು ಕಂಪ್ರೆಷನ್ನಿನ ಪಿಸ್ಟನ್ ಇರಬಹುದೇ? ಅನುಭವ ಉಳ್ಳವರು ತಿಳಿಸಬೇಕು.

ಉತ್ತರ 1: ಆ 0.50 ಹೇಳುವುದು ಪಿಸ್ಟನ್ನಿನ ವ್ಯಾಸ ಮೂಲಕ್ಕಿಂತ 0.50 ಮಿ.ಮೀ. ಹೆಚ್ಚು ಎಂಬುದನ್ನು ಮಾತ್ರ. ಮೂಲ ಬೋರ್ (ಸಿಲಿಂಡರಿನ ಒಳವ್ಯಾಸ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಸರಿಯುವ ದೂರ) 90 ಮಿ.ಮೀ. ಇರುವುದರಿಂದ ಪಿಸ್ಟನ್ ಸಂಚರಿಸುವ ಜಾಗ ಸುಮಾರು 346 ಸಿ.ಸಿ.; ಬೋರ್ 70.5 ಆದಾಗ ಅದು 351 ಸಿ.ಸಿ. ಆಗುತ್ತದೆ. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 63 ಸಿ.ಸಿ. ಎಂದಿಟ್ಟುಕೊಂಡರೆ, ಕಂಪ್ರೆಷನ್ ಅನುಪಾತ (ಈ ಎರಡೂ ಜಾಗಗಳ ಮೊತ್ತವನ್ನು ಉಳಿಯುವ ಜಾಗದಿಂದ ಭಾಗಿಸಿದ್ದು) 6.5ರಿಂದ 6.6ರ ಹತ್ತಿರಕ್ಕೆ ಸರಿಯುತ್ತದೆ, ಅಷ್ಟೇ. ಇಷ್ಟರಿಂದಲೇ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಬರುವ ಸದ್ದು) ಹುಟ್ಟುವುದಿಲ್ಲ.

ನಿಜವಾಗಿ ನೋಡಬೇಕಾದದ್ದು ಗಜನ್ ಪಿನ್ನಿನ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಪಿನ್) ನಡುವಿನಿಂದ ಪಿಸ್ಟನ್ ತಲೆಯ ಅಂಚಿನವರೆಗಿನ ಎತ್ತರ. ಪಿನ್ ರಂಧ್ರದ ಮೇಲಂಚಿನಿಂದ ತಲೆಯವರೆಗೆ ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು, ಪಿನ್ನಿನ ಅರ್ಧ ವ್ಯಾಸವನ್ನು ಅದಕ್ಕೆ ಕೂಡಿಸಬೇಕು. ತೆಗೆದಿಟ್ಟ ಹಳೆಯ ಪಿಸ್ಟನ್ ಕೈಯಲ್ಲಿದ್ದರೆ ಅದನ್ನೂ ಹಾಗೆಯೇ ಅಳೆದು ಹೋಲಿಸಬೇಕು. ಹೊಸದು ಹಳೆಯದಕ್ಕಿಂತ ಕೇವಲ 1 ಮಿ.ಮೀ. ಹೆಚ್ಚು ಎತ್ತರವಿದ್ದರೂ ದಹನಕೋಣೆಯ ಸುಮಾರು 3.9 ಸಿ.ಸಿ. ಜಾಗವನ್ನು ನುಂಗಿ ಅನುಪಾತವನ್ನು 6.9ಕ್ಕೆ ಒಯ್ಯುತ್ತದೆ, ಜೊತೆಗೆ ಅದರ ತಲೆ ಹಳೆಯದಕ್ಕಿಂತ 6 ಸಿ.ಸಿ.ಯಷ್ಟು ಹೆಚ್ಚು ಉಬ್ಬಿದ್ದರೆ 7.6ಕ್ಕೆ ಮುಟ್ಟುತ್ತದೆ. ಒಳಮೈಯಲ್ಲಿರುವ ಎರಕದ ಗುರುತು ತಯಾರಕರನ್ನು ಪತ್ತೆಮಾಡಲು ಉಪಯುಕ್ತ. ಆದರೆ ಒಂದೇ ಹೆಸರಿನಲ್ಲಿ ಬಗೆಬಗೆಯ ಎತ್ತರದವು ಬರುವುದರಿಂದ ಅದೊಂದನ್ನೇ ನಂಬಬಾರದು.

ಎಂಜಿನ್ ಬಿಚ್ಚದೆಯೂ ಆ ಉಳಿಯುವ ಜಾಗವನ್ನು ಅಳೆಯಬಹುದು. ಪಿಸ್ಟನ್ನನ್ನು ತುತ್ತತುದಿಗೆ ತಂದು, ಎರಡೂ ವಾಲ್ವ್ ಮುಚ್ಚಿರುವುದನ್ನು ಖಚಿತಪಡಿಸಿಕೊಂಡು, ಪ್ಲಗ್ ರಂಧ್ರವೇ ಎಲ್ಲಕ್ಕಿಂತ ಮೇಲಿರುವಂತೆ ಗಾಡಿಯನ್ನು ವಾಲಿಸಿ, ಬ್ಯುರೆಟ್ಟಿನಿಂದ (ಅಳತೆಗೆರೆಗಳಿರುವ ಕೊಳವೆ) ತೆಳು ಎಣ್ಣೆಯನ್ನು ರಂಧ್ರದ ಕೆಳ ಅಂಚಿನವರೆಗೆ ತುಂಬಬೇಕು. ರಿಂಗ್‌ಗಳ ಪಕ್ಕದಿಂದ ಎಣ್ಣೆ ಇಳಿಯುವ ಮೊದಲೇ ಅಳತೆ ಓದಿಕೊಳ್ಳಬೇಕು, ಆಮೇಲೆ ಆ ಎಣ್ಣೆಯನ್ನು ಪೂರ್ತಿಯಾಗಿ ಹೊರತೆಗೆಯಬೇಕು. ಕಂಪ್ರೆಷನ್ ಗೇಜ್ ತೋರಿಸುವ ಒತ್ತಡವನ್ನು ಅನುಪಾತವೆಂದು ದಯವಿಟ್ಟು ತಿಳಿಯಬೇಡಿ; ಕ್ಯಾಮ್, ರಿಂಗ್, ವಾಲ್ವ್, ಕಿಕ್ಕಿನ ವೇಗ ಎಲ್ಲವೂ ಅದನ್ನು ಬದಲಿಸುತ್ತವೆ.

ಉತ್ತರ 2: ಮೊದಲು ಸದ್ದಿನ ಗುಣವನ್ನು ಗಮನಿಸಿ. ತಣ್ಣಗಿದ್ದಾಗ ಜೋರಾಗಿದ್ದು ಬಿಸಿಯಾದಂತೆ ಇಳಿದರೆ ಅದು ಬೋರಿನಲ್ಲಿ ಸಡಿಲವಿರುವ ಪಿಸ್ಟನ್ನಿನ ಬಡಿತ. ಬಿಸಿಯಾದ ಮೇಲೆ, ಮೇಲಿನ ಗೇರಿನಲ್ಲಿ, ನಿಧಾನಗತಿಯಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುವಿದಾಗ ಮಾತ್ರ ಬಂದು, ಗೇರ್ ಇಳಿಸಿದೊಡನೆ ನಿಂತರೆ ಅದು ನಾಕಿಂಗ್. ಕಿಡಿ ಹೊತ್ತಿಸಿದ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣವು ಒತ್ತಡ ಮತ್ತು ಶಾಖಕ್ಕೆ ತಾನಾಗಿ ಸಿಡಿಯುವುದೇ ಅದರ ಕಾರಣ. ಇದನ್ನು ಬಹುಕಾಲ ಸಹಿಸಿದ ಪಿಸ್ಟನ್ನಿನ ತಲೆಯ ಅಂಚು ಮರಳು ಎರಚಿದಂತೆ ಚುಕ್ಕೆಚುಕ್ಕೆಯಾಗುತ್ತದೆ, ರಿಂಗ್ ನಡುವಿನ ಪಟ್ಟಿ ಒಡೆಯುತ್ತದೆ.

ಪಿಸ್ಟನ್ ಸರಿಯಿದ್ದೂ ಸದ್ದು ಉಳಿದರೆ ಟೈಮಿಂಗ್ (ಕಿಡಿ ಹಾರುವ ಸಮಯ) ಮುಂದಿದೆಯೇ, ಅಡ್ವಾನ್ಸ್ ತೂಕಗಳು (ಎಂಜಿನ್ ವೇಗಕ್ಕೆ ತಕ್ಕಂತೆ ಕಿಡಿಯನ್ನು ಬೇಗ ಹಾರಿಸುವ ತೂಕಗಳು) ಸಿಕ್ಕಿಕೊಂಡು ಹಿಂತಿರುಗದೆ ನಿಂತಿವೆಯೇ ಎಂದು ನೋಡಿ. ಸವೆದ ವಾಲ್ವ್ ಗೈಡಿನಿಂದ (ವಾಲ್ವಿನ ಕಾಂಡ ಜಾರುವ ಕೊಳವೆ) ಒಳಸೇರುವ ಎಣ್ಣೆಯೂ, ಹೆಡ್ಡಿನ ಕಾರ್ಬನ್ನೂ ನಾಕಿಂಗಿಗೆ ದಾರಿ ಮಾಡುತ್ತವೆ.

ಉತ್ತರ 3: ಕಾರ್ಬ್ಯುರೇಟರನ್ನೂ ಮರೆಯಬೇಡಿ. ಎಥೆನಾಲ್ ನಾಕಿಂಗನ್ನು ತಡೆಯುವ ಇಂಧನವೇ ಆದರೂ, ಬರಿಯ ಪೆಟ್ರೋಲಿಗೆಂದು ಆರಿಸಿದ, ಇಂಧನ ಹರಿಯುವ ಸಣ್ಣ ರಂಧ್ರವಾದ ಜೆಟ್‌ನಲ್ಲಿ ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ಹರಿದಾಗ ಮಿಶ್ರಣ ತೆಳುವಾಗಿ (ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆಯಾಗಿ), ಏರಿನಲ್ಲಿ ಎಂಜಿನ್ ಅತಿಯಾಗಿ ಕಾಯಬಹುದು. ಮೇನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿ, ಅದೇ ಏರನ್ನು ಹತ್ತಿ, ಪ್ಲಗ್ಗಿನ ಬಣ್ಣ ನೋಡಿ. ಬಿಳುಪು ಹೋಗಿ ತಿಳಿಕಂದು ಬಂದರೂ ಸದ್ದು ನಿಲ್ಲದಿದ್ದರೆ ಹೆಡ್ ಬಿಚ್ಚುವ ಕೆಲಸಕ್ಕೆ ಕೈಹಾಕಬಹುದು.